ಗಿಳಿ ಇದ್ದ ಮೊಗ್ಗಿನ ಜಡೆ

ನನ್ನ ಸೂಜಿ ಸ್ವಲ್ಪ ಬಾಗಿದೆ. ನೋಡಿದವರೆಲ್ಲ "ಎಸೀರಮ್ಮ, ಹೊಸದು ತಗೊಳ್ಳಿ" ಅಂತಾರೆ. ಅಯ್ಯೋ, ಆ ಬಾಗೇ ಅಲ್ಲವೇ ನನಗೆ ಬೇಕಾಗಿರೋದು! ರಟ್ಟಿನೊಳಗೆ ಇಳಿದು ತಾನಾಗೇ ಮೇಲಕ್ಕೆ ತಲೆ ಎತ್ತುತ್ತೆ. ಬಟ್ಟೆ ಸೋಪಿನ ತುಂಡಿಗೆ ಒಂದು ಸಲ ಚುಚ್ಚಿ ತೆಗೆದರೆ ಆಯಿತು, ಆಮೇಲೆ ಸರಾಗ. ಮನೆಯಲ್ಲಿ ಯಾರೂ ಆ ಸೂಜಿ ಮುಟ್ಟೋ ಹಾಗಿಲ್ಲ. ಗುಂಡಿ ಹೊಲಿಯೋಕೂ ಕೊಡಲ್ಲ.

ನಾನು ಮೊಗ್ಗಿನ ಜಡೆ ಹೊಲಿಯುವವಳು. ಚಾಮರಾಜಪೇಟೆಯ ನಮ್ಮ ಮನೆ ಜಗಲಿಯೇ ನನ್ನ ಅಂಗಡಿ. ಮಲ್ಲಿಗೆ ಕಾಲ ಬಂತು ಅಂದರೆ ತಾಯಂದಿರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬರೋರು. ಜಡೆ ಕಟ್ಟಿಸಿಕೊಂಡು ಸೀದಾ ಸ್ಟುಡಿಯೋಗೆ. ಅಲ್ಲಿ ಬೆನ್ನ ಹಿಂದೆ ದೊಡ್ಡ ಕನ್ನಡಿ ಇಟ್ಟು ಫೋಟೋ ತೆಗೆಯೋರು. ಮುಂದೆ ಮುಖ, ಕನ್ನಡಿಯಲ್ಲಿ ಜಡೆ. ನಮ್ಮ ಕಡೆ ಹೆಣ್ಣುಮಗು ಇದ್ದ ಮನೆಯಲ್ಲಿ ಆ ಫೋಟೋ ಇಲ್ಲದ ಗೋಡೆಯೇ ಇರಲಿಲ್ಲ ಅನ್ನಿ.

ಬೆಳಗ್ಗೆ ಬೆಳಗ್ಗೇನೇ ಮಾರ್ಕೆಟ್ಟಿಗೆ ಹೋಗಿ ಮೊಗ್ಗು ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಸೀರೆ ಡಬ್ಬದ ರಟ್ಟು ಕತ್ತರಿಸಿ, ಅದರ ಮೇಲೆ ಸಾಲು ಸಾಲಾಗಿ ಮೊಗ್ಗು ಹೊಲಿದು, ನಡುನಡುವೆ ಕನಕಾಂಬರ, ಮರುಗ. ಎಲ್ಲ ಬಿರಿಯೋ ಮುಂಚೆ ಮುಗೀಬೇಕು. ಸಾಯಂಕಾಲಕ್ಕೆ ಮೊಗ್ಗು ಬಾಯಿ ಬಿಟ್ಟರೆ ನನ್ನ ಚಿತ್ರವೆಲ್ಲ ಕಲಸಿಹೋಗುತ್ತೆ.

ಚಿತ್ರ ಎಲ್ಲಿಂದ ಬರುತ್ತೆ ಅಂತ ಕೇಳ್ತಾರೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ನನಗೆ ಪುಸ್ತಕ ಗೊತ್ತಿಲ್ಲ. ಹಳೇ ಮನೆಗಳ ಕಿಟಕಿ ಕಂಬಿ ನೋಡ್ತೀನಿ. ಗೇಟು ನೋಡ್ತೀನಿ. ಬಸ್ಸಿನಲ್ಲಿ ಮುಂದೆ ಕೂತ ಹೆಂಗಸಿನ ಸೆರಗು ನೋಡ್ತಾ ನೋಡ್ತಾ ನಮ್ಮ ಸ್ಟಾಪು ದಾಟಿ ಹನುಮಂತನಗರದಲ್ಲಿ ಇಳಿದಿದ್ದೂ ಉಂಟು. ಹೋಗಲಿ ಅಂತ ನಡೆದುಕೊಂಡು ವಾಪಸ್ ಬಂದೆ, ದಾರಿಯಲ್ಲಿ ಇನ್ನೊಂದು ಗೇಟು ಸಿಕ್ಕಿತು!

ನನ್ನ ಮೊಮ್ಮಗಳು ಆಗ ಐದು ವರ್ಷದವಳು. ನನ್ನ ಪಕ್ಕದಲ್ಲೇ ಕೂತು ಮೊಗ್ಗು ಆರಿಸಿ ಕೊಡೋಳು. ಜಡೆ ಹಾಕಿಸಿಕೊಂಡು ಹೋಗೋ ಒಬ್ಬೊಬ್ಬ ಹುಡುಗೀನೂ ಬೀದಿ ತಿರುಗೋವರೆಗೆ ನೋಡೋಳು. ಅವಳಿಗೂ ಆಸೆ, ಆದರೆ ಕಟ್ಟೋದೆಲ್ಲಿಗೆ? ಆ ವರ್ಷವೇ ಹರಕೆ ತೀರಿಸೋಕೆ ಮನೆದೇವರಿಗೆ ಮುಡಿ ಕೊಟ್ಟು ಬಂದಿದ್ವಿ. ತಲೆ ಮೇಲೆ ಹಲಸಿನಕಾಯಿ ಮುಳ್ಳಿನ ಥರ ಕೂದಲು, ಅಷ್ಟೇ.

ಒಂದು ದಿನ ಪಕ್ಕದ ಮನೆ ಹುಡುಗಿ ಜಡೆ ಕಟ್ಟಿಸಿಕೊಂಡು ಹೊರಡುವಾಗ ತಿರುಗಿ ನಿಂತು, "ನಿಂಗೆ ಎಲ್ಲಿ ಕಟ್ತಾರೆ? ಗೋಂದು ಹಾಕಿ ಅಂಟಿಸ್ಬೇಕು ಕಣೇ" ಅಂದುಬಿಟ್ಟಳು.

ಇವಳು ಅಳಲಿಲ್ಲ. ಮೆಲ್ಲಗೆ ನನ್ನ ಮಂಡಿ ಹಿಡಿದು, "ಅಜ್ಜಿ, ಮನೇಲಿ ಗೋಂದು ಇದ್ಯಾ?" ಅಂದಳು.

ಒಳಗಿಂದ ಸೊಸೆ, "ಮುಂದಿನ ವರ್ಷ ಕೂದಲು ಬಂದಿರುತ್ತೆ ಪುಟ್ಟಾ, ಆಗ ಹಾಕಿಸೋಣ" ಅಂದಳು.

"ಮುಂದಿನ ವರ್ಷ ಅಂದ್ರೆ ನಾಳೆ ಆದ್ಮೇಲಾ?"

ಆಗಲೇ ಮಳೆ ಶುರುವಾಗಿತ್ತು, ಮಲ್ಲಿಗೆ ಇನ್ನೇನು ಮುಗೀತು ಅನ್ನೋ ಹಾಗಿತ್ತು. ಊರಿನ ಹುಡುಗಿಯರಿಗೆಲ್ಲ ಜಡೆ ಹೊಲಿದ ಕೈ, ನನ್ನ ಮಗುವಿಗೆ ಇಲ್ಲ ಅನ್ನೋದೇ? "ನಾಳೆ ಹಾಕ್ತೀನಿ ಕಣೇ, ನಾಳೆ!" ಅಂದುಬಿಟ್ಟೆ.

ಮಾರನೇ ದಿನ ಸೂಜಿ ಹಿಡಿದೆ. ಏನು ಹುರುಪು! ಮಾವಿನಕಾಯಿ ಹಾಕಿದೆ, ಬಳ್ಳಿ ಹಾಕಿದೆ. "ಅಜ್ಜಿ, ಗಿಳಿ" ಅಂದಳು. ಜಾಗ ಇರಲಿಲ್ಲ, ಇನ್ನೊಂದು ರಟ್ಟು ಜೋಡಿಸಿ ತುದಿಗೆ ಗಿಳಿ ಹಾಕಿದೆ. ಮರುಗದ ಮೈ, ಕನಕಾಂಬರದ ಕೊಕ್ಕು. ಗಿಳಿ ಒಂಟಿ ಆಯಿತಲ್ಲ ಅಂತ ಹಣ್ಣೂ ಹಾಕಿದೆ. ತೊಡಿಸೋ ಹುಡುಗಿ ಎಷ್ಟುದ್ದ ಇದ್ದಾಳೆ ಅನ್ನೋದೇ ಮರೆತುಹೋಗಿತ್ತು. ಮದುವೆ ಹೆಣ್ಣಿನ ಅಳತೆ ದಾಟಿತ್ತು ಅದು.

ತಲೆಗೆ ಕಪ್ಪು ಟೇಪು ಬಿಗಿದು, ಅದಕ್ಕೆ ಚೌರಿ ಕೂದಲು ಕಟ್ಟಿ, ಅದರ ಮೇಲೆ ಜಡೆ ಹೊಲಿದು ಕೈ ಬಿಟ್ಟೆ. ಭಾರಕ್ಕೆ ಮಗುವಿನ ಕತ್ತು ಹಿಂದಕ್ಕೆ ವಾಲಿ, ಸೂರು ನೋಡಿಕೊಂಡು ನಿಂತಳು. ಗಿಳಿ ನೆಲದ ಮೇಲೆ ಕೂತಿತ್ತು.

"ಅತ್ತೆ, ಇದು ಜಡೆಯೋ, ಬಾಗಿಲ ತೋರಣವೋ?" ಅಂತ ಸೊಸೆ ನಗೋಕೆ ಶುರು ಮಾಡಿದಳು. ನಾನು ಕತ್ತರಿ ತಂದೆ. ಮಗು ಸೂರು ನೋಡಿಕೊಂಡೇ ಕಿರುಚಿದಳು, "ಗಿಳಿ ಕತ್ತರಿಸ್ಬೇಡಾ!"

ಸರಿ, ಹಾಗೇ ಹೊರಟೆವು. ಅವಳು ಮುಂದೆ, ಜಡೆಯ ತುದಿ ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ನಾನು ಹಿಂದೆ. ತರಕಾರಿ ಗಾಡಿಯವನು ತಕ್ಕಡಿ ಕೆಳಗಿಟ್ಟು, "ಯಾವ ದೇವರ ಮೆರವಣಿಗೆ ಅಜ್ಜಿ?" ಅಂದ. "ನಮ್ಮನೆ ದೇವರದ್ದು ಕಣಪ್ಪ, ದಾರಿ ಬಿಡು" ಅಂದೆ.

ಸ್ಟುಡಿಯೋ ತಲುಪೋ ಹೊತ್ತಿಗೆ ಮೇಲಿನ ಸಾಲಿನ ಮೊಗ್ಗು ಬಿರಿಯೋಕೆ ಶುರುವಾಗಿತ್ತು. "ಬೇಗ ತೆಗೀರಪ್ಪ" ಅಂದೆ. ಕನ್ನಡಿ ಇಟ್ಟು, ದೀಪ ಹಾಕಿ, ಸ್ಟುಡಿಯೋದವರು "ಸ್ವಲ್ಪ ತಲೆ ಇಳಿಸಮ್ಮ" ಅಂದರು. ಇವಳು ತಲೆ ಇಳಿಸಿದಳು. ಟೇಪು ಜಾರಿತು. ಚೌರಿ, ಜಡೆ, ಗಿಳಿ ಎಲ್ಲ ದೊಪ್ಪಂತ ನೆಲಕ್ಕೆ.

ಮಗು ತಿರುಗಿ ಕನ್ನಡಿ ನೋಡಿದಳು. ಅಲ್ಲಿ ಅವಳ ದುಂಡು ತಲೆ. ತುಟಿ ಸೊಟ್ಟಗಾಯಿತು. ಆಯಿತು, ಇನ್ನು ಅಳು ಹಿಡಿಯೋರಿಲ್ಲ ಅಂತ ನಾನು ಸೆರಗು ತಗೊಂಡು ಓಡಿದೆ. ಅಷ್ಟರಲ್ಲಿ ಅವಳೇ ಬಗ್ಗಿ, ಜಡೆ ಎಳೆದುಕೊಂಡು, ಗೆದ್ದ ಪೈಲ್ವಾನನ ಹಾರದ ಹಾಗೆ ಕೊರಳಿಗೆ ಸುತ್ತಿ, ಗಿಳಿಯನ್ನು ಎದೆಗೆ ಹಿಡಿದುಕೊಂಡಳು.

"ಅಜ್ಜಿ, ಈಗ ನಂಗೇ ಕಾಣ್ಸುತ್ತೆ! ಅವ್ರಿಗೆಲ್ಲ ಹಿಂದೆ ಇರುತ್ತೆ, ಅವ್ರಿಗೆ ಕಾಣ್ಸಲ್ಲ!" ಅಂತ ಈ ಕಡೆ ತಿರುಗಿ ಬಾಯಿ ತುಂಬಾ ನಕ್ಕಳು. ಸ್ಟುಡಿಯೋದವರು ಆಗಲೇ ಬಟನ್ ಒತ್ತಿದ್ದರು.

ರೀಲು ತೊಳೆದು ಫೋಟೋ ಕೊಡೋವರೆಗೆ ನನಗೆ ಊಟ ಸೇರಲಿಲ್ಲ. ಬಂತು ನೋಡಿ ಫೋಟೋ! ಮುಂದೆ ನಗು, ಎದೆ ಮೇಲೆ ಗಿಳಿ. ಕನ್ನಡಿಯಲ್ಲಿ ಜಡೆ ಇರಬೇಕಾದ ಜಾಗದಲ್ಲಿ ಪುಟ್ಟ ತಲೆ, ಅದರಲ್ಲಿ ಎರಡು ಸುಳಿ. ಅವಳಿಗೆ ಎರಡು ಸುಳಿ ಇರೋದು ಮನೆಯವರಿಗೆಲ್ಲ ಗೊತ್ತಾಗಿದ್ದೇ ಆವತ್ತು.

ಸ್ಟುಡಿಯೋದವರು ಇನ್ನೊಂದು ದೊಡ್ಡ ಪ್ರತಿ ಮಾಡಿ ಗಾಜಿನ ಕಿಟಕಿಯಲ್ಲಿಟ್ಟರು. ಇವಳು ಅದರ ಮುಂದೆ ನಿಂತು ಹೋಗಿ ಬರೋರಿಗೆಲ್ಲ "ಅದು ನಾನೇ, ಗಿಳಿ ನಮ್ಮಜ್ಜಿದು" ಅಂತ ಹೇಳೋಳು. ಮುಂದಿನ ಮಲ್ಲಿಗೆ ಕಾಲಕ್ಕೆ ಬಂದವರೆಲ್ಲ "ಗಿಳಿ ಹಾಕಿ ಅಮ್ಮ" ಅನ್ನೋರೇ. ಪಕ್ಕದ ಮನೆ ಹುಡುಗೀನೂ ಕೇಳಿದಳು. ಹಾಕಿಕೊಟ್ಟೆ. ಆದರೆ ಗಿಳಿಯನ್ನು ನಾನೀಗ ತುದಿಗೆ ಹಾಕಲ್ಲ, ಮೇಲೇ ಹಾಕ್ತೀನಿ. ಕತ್ತರಿ ತರೋ ಹಾಗಾದರೂ ಅದು ಉಳಿದುಕೊಳ್ಳಲಿ.