ಸಾಹೇಬರ ಟ್ರೌಟ್ ಮತ್ತು ಅದರ ಬಾಲ

ಕಳೆದ ಗುರುವಾರ ಸಂಜೆ ನಾನು ಬಹರೈನಿನ ಸೆಗಯಾದಲ್ಲಿರುವ ನಮ್ಮ ಕಟ್ಟಡದ ಕೆಳಗೆ, ಕಸದ ಡ್ರಮ್ಮಿಗೆ ಮೊಣಕೈವರೆಗೆ ಕೈ ಹಾಕಿ ಒಂದು ಮೀನಿನ ಬಾಲ ಹುಡುಕುತ್ತಿದ್ದೆ. ನಗಬೇಡಿ. ಆ ಬಾಲದ ಮೇಲೆ ನನ್ನ ಸಂಸಾರ ನಿಂತಿತ್ತು.

ಪುತ್ತೂರಿನಲ್ಲಿರುವ ಹೆಂಡತಿ, ಮಗಳನ್ನು ಬಹರೈನಿಗೆ ಕರೆಸಿಕೊಳ್ಳಲು ನನಗೆ ಎನ್‌ಓಸಿ, ಅಂದರೆ ಕಂಪನಿಯ ಒಪ್ಪಿಗೆ ಪತ್ರ, ಬೇಕಿತ್ತು. ಅರ್ಜಿಗೆ ನಮ್ಮ ಶಿಪ್ಪಿಂಗ್ ಆಫೀಸಿನ ಸಾಹೇಬರ ಸಹಿ ಬೀಳಬೇಕಿತ್ತು. ಅದು ಅವರ ಮೇಜಿನ ಮೇಲೆ ಹನ್ನೊಂದು ದಿನದಿಂದ ಮಲಗಿತ್ತು. ಮಗಳು ನನ್ನನ್ನು ಫೋಟೋದಲ್ಲಿ ಮಾತ್ರ ನೋಡಿದ್ದಾಳೆ. ಹನ್ನೊಂದು ದಿನದಿಂದ ನನಗೆ ಸರಿಯಾಗಿ ಊಟ ಸೇರಿರಲಿಲ್ಲ.

ಸಾಹೇಬರು ಸ್ಕಾಟ್ಲೆಂಡಿನವರು. (ಕನ್ನಡ ಬಾರದು. ಇದನ್ನೆಲ್ಲ ಬರೆಯಲು ಅದೇ ಧೈರ್ಯ.) ರಜೆ ಮುಗಿಸಿ ಬರುವಾಗ ಐಸ್ ಪೆಟ್ಟಿಗೆಯಲ್ಲಿ ಟ್ರೌಟ್ ಎಂಬ ಸಿಹಿನೀರಿನ ಮೀನೊಂದನ್ನು ತಂದಿದ್ದರು. ಅದು ಬ್ರೌನ್ ಟ್ರೌಟ್, ಬೆಟ್ಟದ ಹೊಳೆಯಲ್ಲಿ ತಾನೇ ಹಿಡಿದದ್ದು ಎಂದು ಎಲ್ಲರಿಗೂ ಹೇಳಿದ್ದೇ ಹೇಳಿದ್ದು. ಅವರ ಗೆಳೆಯ, ಬಂದರಿನ ಇಂಜಿನಿಯರ್, ನಂಬಲಿಲ್ಲ. ಯಾವುದೋ ಕೆರೆಯಲ್ಲಿ ಸಾಕಿದ ರೇನ್‌ಬೋ ಟ್ರೌಟ್ ಇರಬೇಕು ಎಂದು ನಮ್ಮೆದುರಿಗೇ ಗೇಲಿ ಮಾಡಿದ. ಶುಕ್ರವಾರ ಊಟಕ್ಕೆ ಬಂದು ಕಣ್ಣಾರೆ ನೋಡು ಎಂದರು ಸಾಹೇಬರು.

ಆಮೇಲೆ ನನ್ನನ್ನು ಕೂರಿಸಿಕೊಂಡು ಚಿತ್ರ ತೋರಿಸಿ ಪಾಠ ಮಾಡಿದರು. ಬ್ರೌನ್ ಆದರೆ ಹೊಟ್ಟೆ ಹಳದಿ, ಮೈಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ, ಬಾಲ ಹೆಚ್ಚುಕಡಿಮೆ ಸಾಫ್. ರೇನ್‌ಬೋ ಆದರೆ ಪಕ್ಕೆಯುದ್ದಕ್ಕೂ ಗುಲಾಬಿ ಪಟ್ಟಿ, ಬಾಲದ ತುಂಬ ಕರಿ ಚುಕ್ಕೆ. ಬ್ರೌನ್ ಮಹಾ ಸಂಶಯದ ಪ್ರಾಣಿಯಂತೆ. ಗರಿಯಲ್ಲಿ ಕಟ್ಟಿದ ಸುಳ್ಳು ನೊಣವನ್ನು ಗಾಳಕ್ಕೆ ಸಿಕ್ಕಿಸಿ, ಸೊಂಟಮಟ್ಟ ನೀರಲ್ಲಿ ಗಂಟೆಗಟ್ಟಲೆ ನಿಲ್ಲಬೇಕಂತೆ. ಬಂಗುಡೆ, ಬೂತಾಯಿ ಬಿಟ್ಟು ಬೇರೆ ಮೀನು ತಿಳಿಯದ ನಾನು ತಲೆಯಾಡಿಸಿದೆ. (ಸಹಿ ಬಾಕಿ ಇರುವವನು ಬೇರೇನು ಆಡಿಸಿಯಾನು?)

ಮೀನು ಮನೆಗೆ ತಂದರೆ ನಿಮ್ಮ ಕಡೆಯವರು ಮೊದಲು ಏನು ಮಾಡುತ್ತೀರಿ ಎಂದು ಕೇಳಿದರು. ನಾನು ಹೆಮ್ಮೆಯಿಂದ ಹೇಳಿದೆ: ಕ್ಲೀನ್ ಮಾಡಿ, ಕೊಯ್ದು, ಮಸಾಲೆ ಹಚ್ಚಿಯೇ ಫ್ರಿಜ್ಜಿಗೆ, ಸಾರ್. ಇಡೀ ಮೀನು ಒಳಗಿಡುವ ಕ್ರಮ ನಮ್ಮಲ್ಲಿಲ್ಲ.

ಗುರುವಾರ ಮಧ್ಯಾಹ್ನ ಆಫೀಸು ಮುಗಿಯುವಾಗ ಮೀನಿನ ಪೊಟ್ಟಣ ನನ್ನ ಕೈಗೆ ಬಂತು. (ಇಲ್ಲಿ ಶುಕ್ರವಾರ ರಜೆ, ಗುರುವಾರ ಅರ್ಧ ದಿನ.) ಮನೆಯ ಫ್ರೀಜರ್ ಕೆಟ್ಟಿದೆ, ನಾಳೆವರೆಗೆ ನಿನ್ನಲ್ಲಿಟ್ಟುಕೋ ಎಂದರು. ರೂಮಿಗೆ ಬಂದು ಬಿಚ್ಚಿ ನೋಡಿದೆ. ಬಾಲದ ತುಂಬ ಕರಿ ಚುಕ್ಕೆ!

ಅಂದರೆ ಇದು ರೇನ್‌ಬೋ. ಗೆಳೆಯನೆದುರು ಮುಖಭಂಗವಾದ ಸಾಹೇಬರು ಶನಿವಾರ ಯಾರ ಅರ್ಜಿಗೆ ಸಹಿ ಹಾಕುತ್ತಾರೆ? ಯೋಚಿಸುತ್ತಲೇ ಮೀನನ್ನು ಫ್ರೀಜರಿಗೆ ತುರುಕಿ, ಹೆಂಡತಿಗೆ ಬರೆದ ಕಾಗದ ಪೋಸ್ಟ್ ಮಾಡಲು ಹೋದೆ. ರೂಮಿನಲ್ಲಿ ಜೊತೆಗಿರುವ ಹಿರಿಯ ಹಮೀದಾಕನಿಗೆ ಒಂದು ಮಾತು ಹೇಳಿ ಹೋಗಲಿಲ್ಲ. ಗುರುವಾರ ಅಡುಗೆ ಅವರ ಸರದಿ.

ತಿರುಗಿ ಬರುವಾಗ ಟ್ರೌಟ್ ಎಂಟು ತುಂಡಾಗಿ, ಕೆಂಪು ಮಸಾಲೆ ಮೆತ್ತಿಕೊಂಡು ಬಸಿಯಲ್ಲಿ ಕೂತಿತ್ತು.

"ಹಾಗೇ ಇಟ್ರೆ ನಾರ್ತದೆ ಮಾರಾಯ," ಎಂದರು ಹಮೀದಾಕ. "ನಿಂಗೆ ಅಷ್ಟೂ ಗೊತ್ತಿಲ್ವಾ?"

ತಲೆ, ಬಾಲ ಕೆಳಗಿನ ಡ್ರಮ್ಮಿಗೆ ಹೋಗಿದ್ದವು. ಸಾಹೇಬರ ಸೊತ್ತು, ಇದ್ದಷ್ಟನ್ನಾದರೂ ಜೋಡಿಸಿ ಒಪ್ಪಿಸೋಣ ಎಂದು ಕೆಳಗೆ ಓಡಿದೆ. ತಲೆ ಸಿಕ್ಕಿತು. ಬಾಲವನ್ನು ಬೆಕ್ಕು ಎತ್ತಿತ್ತೋ ಏನೋ, ಸಿಗಲೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಮಸಾಲೆ ಹಚ್ಚಿದ ತುಂಡುಗಳ ಡಬ್ಬಿ ಹಿಡಿದು ಸಾಹೇಬರ ಬಂಗಲೆಗೆ ಹೋದೆ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಕ್ಷಮೆ ಕೇಳುವುದನ್ನು ಬಾಯಿಪಾಠ ಮಾಡಿದ್ದೆ. ಬಾಗಿಲಲ್ಲಿ ಎಲ್ಲ ಮರೆತು, ನಡೆದದ್ದನ್ನು ಒಂದೇ ಉಸಿರಿಗೆ ಒದರಿದೆ. ಅವರು ಡಬ್ಬಿಯ ಮುಚ್ಚಳ ತೆಗೆದು ನೋಡಿದರು.

"ಬಾಲವೂ ಇಲ್ಲವೇ?"

"ಇಲ್ಲ, ಸಾರ್."

"ನೀನು ನೋಡಿದ್ದೆಯಾ ಅದನ್ನು?"

ಮಗಳ ಮುಖ ಕಣ್ಣೆದುರು ಬಂತು. ನೋಡಿಲ್ಲ ಎಂದೆ. ಸುಳ್ಳು.

ಛೆ, ಎಂಥ ಒಳ್ಳೆಯ ಬ್ರೌನ್ ಟ್ರೌಟ್ ಹಾಳಾಯಿತು ಎಂದು ಅವರು ನಿಟ್ಟುಸಿರು ಬಿಟ್ಟರು. ಬಯ್ಯಲಿಲ್ಲ. ಬಿಸಿಲಲ್ಲಿ ಬಂದಿದ್ದೀಯ ಎಂದು ಕೂರಿಸಿ, ತಾವೇ ಒಳಗೆ ಹೋಗಿ ಜ್ಯೂಸ್ ತಂದು ಕೊಟ್ಟರು. ಕುಡಿಯುವಾಗ ಲೋಟದೊಳಗಿನ ಐಸ್ ಗಲಗಲ ಎನ್ನುತ್ತಿತ್ತು.

ಶನಿವಾರ ಆಫೀಸಿಗೆ ಹೋದರೆ ನನ್ನ ಅರ್ಜಿ ನನ್ನದೇ ಮೇಜಿನ ಮೇಲಿತ್ತು. ಸಹಿಯಾಗಿತ್ತು. ಪುತ್ತೂರಿಗೆ ಆಗಲೇ ಕಾಗದ ಬರೆದು ಹಾಕಿದ್ದೇನೆ. ಇನ್ನು ನಿಶ್ಚಿಂತೆಯಿಂದ ಇರಬಹುದಿತ್ತು, ಆದರೆ ಒಂದು ಪ್ರಶ್ನೆ ಬಿಡುತ್ತಿಲ್ಲ.

ಕೆಟ್ಟುಹೋದ ಫ್ರೀಜರಿನಲ್ಲಿ ಐಸ್ ಆಗುವುದು ಹೇಗೆ?