ಜರ್ಮನಿ ಡಿವಿಡಿಯಲ್ಲಿ ನಂಜಮ್ಮ

ಲೊಟ್, ಲೊಟ್. ಒಣಗಿದ ಕಾಯಿಯೊಳಗೆ ಕೊಬ್ಬರಿ ಬಡಿದುಕೊಳ್ಳುವ ಸದ್ದು. ಚನ್ನರಾಯಪಟ್ಟಣದಲ್ಲಿ ನೀಲಾಂಬಿಕೆಯ ಬಾಡಿಗೆ ಕೋಣೆಗೆ ಅಂಟಿಕೊಂಡಂತೆಯೇ ಕೊಬ್ಬರಿ ಮಂಡಿಯ ಗೋದಾಮು ಇತ್ತು. ವರ್ಷಕಾಲ ಅಟ್ಟದ ಮೇಲೆ ಒಣಗಿದ ಕಾಯಿಗಳನ್ನು ಅಲ್ಲಿನ ಹೆಂಗಸರು ಒಂದೊಂದಾಗಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿನ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟಿದ್ದರೆ ಬಡಿಯುತ್ತದೆ. ಬಡಿಯದ ಕಾಯಿ ಮತ್ತೆ ಅಟ್ಟಕ್ಕೆ. ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ನೀಲಾಂಬಿಕೆ ಆ ಸದ್ದನ್ನು ಕೇಳುತ್ತಿದ್ದಳು; ಯಾವುದಾದರೂ ಕಾಯಿ ಉತ್ತರ ಕೊಡದಿದ್ದರೆ ಅವಳ ಬಾಚಣಿಗೆಯೂ ಒಂದು ಗಳಿಗೆ ನಿಲ್ಲುತ್ತಿತ್ತು.

ಅವಳಿಗೆ ಮೂರು ವರ್ಷವಾಗಿದ್ದಾಗ ಅವಳ ತಾಯಿ ನಂಜಮ್ಮ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಕೂಸೂ ಉಳಿಯಲಿಲ್ಲ. ಅಪ್ಪ ಅರಕಲಗೂಡಿನ ಕಡೆ ಇನ್ನೊಂದು ಮದುವೆಯಾಗಿ ಅಲ್ಲಿಯೇ ನೆಲೆಸಿದ. ನುಗ್ಗೇಹಳ್ಳಿಯಲ್ಲಿ ತಾಯಿಯ ತಾಯಿ ಪಾರ್ವತಮ್ಮ ಅವಳನ್ನು ಸಾಕಿದಳು. ನಂಜಮ್ಮನ ಒಂದೇ ಒಂದು ಫೋಟೊ ಇರಲಿಲ್ಲ. ಆ ಕಾಲಕ್ಕೆ ಆ ಊರಿನಲ್ಲಿ ಫೋಟೊ ತೆಗೆಸಿಕೊಂಡವರೇ ನಾಲ್ಕು ಮಂದಿ. ಮಾರ್ನೋಮಿ ಅಮಾವಾಸ್ಯೆಯ ದಿನ ಎಲ್ಲರ ಮನೆಯಲ್ಲೂ ಹಿರಿಯರ ಫೋಟೊದ ಮುಂದೆ ಎಡೆ ಇಡುತ್ತಿದ್ದರೆ, ಇವರ ಮನೆಯಲ್ಲಿ ನಂಜಮ್ಮನ ಒಂದು ಮಡಿಸಿದ ಸೀರೆಯ ಮುಂದೆ ಇಡುತ್ತಿದ್ದರು. ಗಂಡಿನ ಕಡೆಯವರು ನೋಡಲು ಬಂದಾಗ, ಹುಡುಗಿ ತಾಯಿಯ ಹೋಲಿಕೆಯೋ ತಂದೆಯ ಹೋಲಿಕೆಯೋ ಎಂದು ಕೇಳುವುದಿತ್ತು. ನೀಲಾಂಬಿಕೆ ಸೀರೆಯ ಕಡೆ ನೋಡುತ್ತಿದ್ದಳು. ಆ ಮಾತುಗಳೂ ಕ್ರಮೇಣ ನಿಂತವು.

ಟೈಪಿಂಗ್ ಕಲಿತಳು, ಆಮೇಲೆ ಕಂಪ್ಯೂಟರ್ ಕಲಿತಳು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಪುಟ್ಟ ಡಿಟಿಪಿ ಅಂಗಡಿ ಇಟ್ಟಳು. ಅರ್ಜಿ, ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು. ಕರೆಂಟು ಹೋದಾಗಲೂ ಕೆಲಸ ನಡೆಯಲೆಂದು ಹಾಸನದ ವಿಶ್ವಾಸ್ ಎಂಬವನ ಅಂಗಡಿಯಿಂದ ಹಳೆಯ ಲ್ಯಾಪ್‌ಟಾಪ್ ಒಂದನ್ನು ಕೊಂಡು ತಂದಿದ್ದಳು. ಅದರಲ್ಲಿ ಡಿವಿಡಿ ಓಡುತ್ತಿದ್ದುದರಿಂದ ಸಂಜೆ ಏಳೆಂಟು ಹುಡುಗಿಯರನ್ನು ಕೂರಿಸಿಕೊಂಡು ಸ್ಪೋಕನ್ ಇಂಗ್ಲಿಷ್ ಪಾಠ ತೋರಿಸುತ್ತಿದ್ದಳು. ಎತ್ತಿಕೊಂಡದ್ದನ್ನು ಇದ್ದ ಜಾಗದಲ್ಲೇ ಇಡಬೇಕೆಂದು ಅಜ್ಜಿ ಬೆಳೆಸಿದ ಕೈ ಅವಳದು. ಕನ್ನಡ ಟೈಪು ಮುಗಿದ ಕೂಡಲೇ ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸಿಟ್ಟೇ ಏಳುತ್ತಿದ್ದಳು.

ಎರಡು ಸಾವಿರದ ಆರನೇ ಇಸವಿಯ ಭಾದ್ರಪದದಲ್ಲಿ ಸಂಪತ್ಕುಮಾರ ಮೇಷ್ಟ್ರು ಒಂದು ಡಿವಿಡಿ ಹಿಡಿದುಕೊಂಡು ಬಂದರು. ಅವರೂ ನುಗ್ಗೇಹಳ್ಳಿಯವರೇ, ಅವರ ತಂದೆ ಅಲ್ಲಿನ ನರಸಿಂಹ ದೇವಸ್ಥಾನದಲ್ಲಿ ಅರ್ಚಕರಾಗಿದ್ದವರು. ಎಷ್ಟೋ ವರ್ಷಗಳ ಹಿಂದೆ ದೇವಸ್ಥಾನದ ಚಿತ್ರ ತೆಗೆಯಲು ಬಂದ ಜರ್ಮನಿಯವರಿಗೆ ಅವರೇ ಎಲ್ಲವನ್ನೂ ತೋರಿಸಿದ್ದರಂತೆ. ಆಗ ಮೇಷ್ಟ್ರು ಹಾಸನದ ಹಾಸ್ಟೆಲಿನಲ್ಲಿ ಓದುತ್ತಿದ್ದರು. ಆ ಹಳೆಯ ಚಿತ್ರವನ್ನು ಈಗ ಡಿವಿಡಿ ಮಾಡಿ, ತೀರಿಹೋದ ಅರ್ಚಕರ ಹೆಸರಿಗೇ ಕಳಿಸಿದ್ದರು. ಮೇಷ್ಟ್ರ ಮನೆಯ ಟಿವಿಗೆ ಅದು ಬರಲೇ ಇಲ್ಲ. ಒಮ್ಮೆ ತಂದೆಯನ್ನು ನೋಡಬೇಕು ಅಂದರು.

ಲ್ಯಾಪ್‌ಟಾಪಿಗೆ ಹಾಕಿದಾಗ ಅದು ಒಂದು ಚೀಟಿಯಂಥದ್ದನ್ನು ಮುಂದೆ ಹಿಡಿಯಿತು. ಈ ಡಿವಿಡಿ ಬೇರೆ ವಲಯದ್ದು, ನಿಮ್ಮ ಯಂತ್ರ ಇಂಡಿಯಾದಲ್ಲಿದೆ, ದೇಶ ಬದಲಾಯಿಸಬಹುದು, ಇನ್ನು ಮೂರು ಸಲ ಮಾತ್ರ. ಕೆಳಗೆ ದೇಶಗಳ ಪಟ್ಟಿ. ನೀಲಾಂಬಿಕೆ ಜರ್ಮನಿಯನ್ನು ಒತ್ತಿದಳು.

ಮೇಷ್ಟ್ರ ತಂದೆ ಮಡಿಪಂಚೆಯಲ್ಲಿ ಗುಡಿಯ ಗೋಡೆಯ ಕಲ್ಲಿನ ಆನೆಸಾಲಿನ ಪಕ್ಕ ನಡೆದುಹೋದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಗಂಡಸಿನ ದಪ್ಪ ದನಿಯೊಂದು ಜರ್ಮನ್ ಭಾಷೆಯಲ್ಲಿ ಏನೋ ಹೇಳುತ್ತಿತ್ತು. ಆ ದನಿ ನಿಂತಿತು. ಬರೀ ಗಾಳಿಯ ಸದ್ದು. ಗುಡಿಯ ಹಿಂಗೋಡೆಯ ಬಿಸಿಲಿನಲ್ಲಿ ಒಬ್ಬಳು ಹೆಂಗಸು, ಸೊಂಟದ ಮೇಲೆ ಎರಡು ವರ್ಷದ ಮಗು. ಅವಳು ಕ್ಯಾಮೆರಾದ ಪಕ್ಕಕ್ಕೆ, ಚಿತ್ರದ ಹೊರಗೆ ನಿಂತ ಯಾರನ್ನೋ ನೋಡಿ ಬಲಗೈ ಎತ್ತಿ ಕರೆದಳು. ಬಾ ಎಂದು. ಮತ್ತೊಮ್ಮೆ ಕರೆದಳು. ನಲವತ್ತು ಸೆಕೆಂಡು ಇರಬಹುದು.

“ನೀಲಾ, ಥೇಟ್ ನೀನೇ ಕಣಮ್ಮ ಇದು,” ಅಂದರು ಮೇಷ್ಟ್ರು. “ಗಲ್ಲ ನೋಡು, ಹುಬ್ಬು ನೋಡು.”

ಅವರು ಹೋದ ಮೇಲೂ ನೀಲಾಂಬಿಕೆ ಆ ನಲವತ್ತು ಸೆಕೆಂಡುಗಳನ್ನು ಹಿಂದಕ್ಕೆ ತಂದು ತಂದು ನೋಡಿದಳು. ಮೂವತ್ತೈದು ವರ್ಷಕ್ಕೆ ಮೊದಲ ಸಲ ತನ್ನ ಮುಖ ಎಲ್ಲಿಂದ ಬಂದದ್ದೆಂದು ಕಂಡಿತ್ತು. ಸೊಂಟದ ಮೇಲಿರುವ ಕೂಸು ತಾನೇ ಎಂದುಕೊಂಡಳು. ಚಿತ್ರವನ್ನು ನಿಲ್ಲಿಸಿ ಪ್ರಿಂಟ್ ಸ್ಕ್ರೀನ್ ಒತ್ತಿ, ಇನ್ನೊಂದು ಹಾಳೆಗೆ ಅಂಟಿಸಿದಳು. ಪರದೆಯ ಮೇಲಿನ ಕಿಟಕಿಯ ಚೌಕಟ್ಟು, ಗುಂಡಿಗಳು, ಕೆಳಗಿನ ಗಡಿಯಾರ ಎಲ್ಲ ಬಂದಿದ್ದವು. ಹೆಂಗಸು ಇದ್ದ ಕಡೆ ಮಾತ್ರ ಕಪ್ಪು ಚೌಕ. ಇನ್ನೆರಡು ಸಲ ಮಾಡಿದಳು. ಕಪ್ಪೇ.

ಆಮೇಲೆ, ಮರುದಿನದ ಪಾಠದ ಡಿವಿಡಿ ಓಡಲಿ ಎಂದು, ಕೈಯ ಅಭ್ಯಾಸದಂತೆ, ಯಂತ್ರವನ್ನು ಇಂಡಿಯಾಕ್ಕೆ ತಿರುಗಿಸಿಟ್ಟಳು. ಮನೆಗೆ ಮರಳುವುದನ್ನೂ ಯಂತ್ರ ಒಂದು ಸಲ ಎಂದೇ ಹಿಡಿಯುತ್ತದೆಂದು ಅವಳಿಗೆ ಹೊಳೆದಿರಲಿಲ್ಲ. ಚೀಟಿಯಲ್ಲಿ ಈಗ ಇನ್ನು ಒಂದು ಸಲ ಎಂದಿತ್ತು.

ಹಾಸನಕ್ಕೆ ಫೋನು ಮಾಡಿದಳು. ವಿಶ್ವಾಸ್ ಎಲ್ಲವನ್ನೂ ವಿವರಿಸಿದ. ಆ ಲೆಕ್ಕ ಇರುವುದು ಡಿವಿಡಿ ಹಾಕುವ ಡ್ರೈವಿನೊಳಗೇ. ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದರೂ, ಡ್ರೈವನ್ನು ಕಿತ್ತು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೂ ಅದು ಮರೆಯುವುದಿಲ್ಲ. ಕಾಪಿ ಮಾಡಲೂ ಆ ಡಿವಿಡಿ ಬಿಡುವುದಿಲ್ಲ.

“ಮೇಡಂ, ನಿಮ್ಗಿನ್ನ ಜರ್ಮನಿ ವೀಸಾ ಒಂದೇ ಸಲಕ್ಕಿರೋದು,” ಎಂದು ನಕ್ಕ. “ಈ ಸಲ ಹೋದ್ರೆ ಅಲ್ಲೇ. ವಾಪಸ್ ಟಿಕೆಟ್ ಇಲ್ಲ.”

ಅವಳಿಗೆ ನಗು ಬರಲಿಲ್ಲ. ಹೋದರೆ ಸಂಜೆಯ ಪಾಠ ನಿಂತಂತೆಯೇ. ಅದಕ್ಕೂ ಅವಳು ಸಿದ್ಧಳಿದ್ದಳು. ಅಳುಕು ಬೇರೆಯದು. ಮೇಷ್ಟ್ರು ಹೇಳಿದ್ದು ಹೋಲಿಕೆಯ ಮಾತು. ಹೌದು ಅಂದರೆ ಅವಳು ನಂಬುವಂಥವಳು ಭೂಮಿಯ ಮೇಲೆ ಒಬ್ಬಳೇ. ಅಜ್ಜಿ ಹೌದು ಅಂದರೆ, ಸ್ಟುಡಿಯೊದ ಹುಚ್ಚಯ್ಯನನ್ನು ಕರೆಸಿ ಪರದೆಯ ಮೇಲಿಂದಲೇ ಫೋಟೊ ತೆಗೆಸಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದು. ಅಲ್ಲ ಅಂದರೆ, ಯಾರದೋ ಮುಖಕ್ಕೆ ಎಡೆ ಇಟ್ಟಂತೆ. ಉಳಿದ ಒಂದು ಸಲವನ್ನು ಅವಳು ಅಜ್ಜಿಯ ಕಣ್ಣಿಗೆಂದು ತೆಗೆದಿರಿಸಿದಳು. ಆ ಹದಿನೈದು ದಿನ ಡಿವಿಡಿಯನ್ನು ಮುಟ್ಟಲಿಲ್ಲ. ಆದರೂ ಲಗ್ನಪತ್ರಿಕೆಯನ್ನು ಟೈಪು ಮಾಡುವಾಗ ಒಮ್ಮೊಮ್ಮೆ, ಬಾಗಿಲಲ್ಲಿ ಯಾರೋ ಕೈ ಎತ್ತಿದಂತಾಗಿ ತಲೆ ಎತ್ತುತ್ತಿದ್ದಳು. ಬೀದಿಯಲ್ಲಿ ಬಿಸಿಲು ಇರುತ್ತಿತ್ತು, ಅಷ್ಟೆ.

ಮಾರ್ನೋಮಿ ಅಮಾವಾಸ್ಯೆಯ ದಿನ ಬೆಳಗಿನ ಬಸ್ಸಿಗೆ ನುಗ್ಗೇಹಳ್ಳಿಗೆ ಹೋದಳು. ಮೇಷ್ಟ್ರೂ ಅದೇ ಬಸ್ಸಿನಲ್ಲಿದ್ದರು. ಅಜ್ಜಿ ಏನೆನ್ನುತ್ತಾಳೋ ಕೇಳಬೇಕೆಂದು ಅವರಿಗೂ ಆಸೆ. ಅಜ್ಜಿ ಕಡುಬು ಬೇಯಿಸಿ ಇಳಿಸಿದ್ದಳು. ನಡುಮನೆಯ ಗೋಡೆಯ ಬುಡದಲ್ಲಿ ಮಣೆ, ಮಣೆಯ ಮೇಲೆ ಸೀರೆ. ನೀಲಾಂಬಿಕೆ ಸೀರೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟು ತೆರೆದಳು. ಇದೇ ಕೊನೆಯ ಸಲ, ಆಮೇಲೆ ಬದಲಾಯಿಸಲಾಗದು, ಸರಿಯೇ ಎಂದು ಚೀಟಿ ಕೇಳಿತು. ಸರಿ ಎಂದು ಒತ್ತಿದಳು. ಸೊನ್ನೆ ಬಂತು.

ಅರ್ಚಕರು ನಡೆದುಹೋದರು. ದಪ್ಪ ದನಿ ನಿಂತಿತು. ಗಾಳಿ. ಹೆಂಗಸು ಕೈ ಎತ್ತಿದಳು. ನೀಲಾಂಬಿಕೆ ಅಲ್ಲಿಗೆ ಚಿತ್ರವನ್ನು ನಿಲ್ಲಿಸಿ ಅಜ್ಜಿಯ ಮುಖ ನೋಡಿದಳು.

ಕಣ್ಣಿನ ಆಪರೇಷನ್ ಆದಮೇಲೆ ಕೊಟ್ಟ ದಪ್ಪ ಕನ್ನಡಕದಲ್ಲಿ ಪಾರ್ವತಮ್ಮ ಬಗ್ಗಿ ಬಗ್ಗಿ ನೋಡಿದಳು. ಬೆರಳು ಚಾಚಿ ಪರದೆಯ ಮೇಲೆ ಆ ಹಣೆಯನ್ನು ಮುಟ್ಟಿದಳು.

“ನಂಜಿ,” ಅಂದಳು. “ನಂಜಿನೇ ಕಣವ್ವ. ಎಡಗಡೆ ಉಬ್ಬಿನ ಮ್ಯಾಲೆ ಗಾಯ ಐತಲ್ಲ, ಒಲೆ ಮುಂದೆ ಬಿದ್ದು ಮಾಡ್ಕಂಡಿದ್ದು. ನಾನೇ ಅರಿಶಿಣ ಅಚ್ಚಿದ್ದೆ.”

ನೀಲಾಂಬಿಕೆಗೆ ಉಸಿರು ಸರಾಗವಾಯಿತು. ಮೂವತ್ತೆರಡು ವರ್ಷಗಳ ಸೀರೆಗೆ ಒಂದು ಮುಖ ಬಂತು. ಮೇಷ್ಟ್ರು ಏನೋ ಒಳ್ಳೆಯ ಮಾತು ಹೇಳುತ್ತಿದ್ದರು. ಅಜ್ಜಿಯ ಬೆರಳು ಮಾತ್ರ ಹಣೆಯಿಂದ ಜಾರಿ ಸೊಂಟದ ಹತ್ತಿರ ನಿಂತಿತ್ತು.

“ಈ ಕೂಸು ಯಾವ್ದು?”

ನಾನೇ ಅಲ್ಲವೇ ಅಜ್ಜಿ, ಅಂದಳು ನೀಲಾಂಬಿಕೆ.

ಅಜ್ಜಿ ತಲೆ ಅಲ್ಲಾಡಿಸಿದಳು. ಆ ಕೆಂಪು ಜನ ಕ್ಯಾಮೆರಾ ಹೊತ್ತುಕೊಂಡು ಬಂದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಊರಿಗೆ ಊರೇ ಗುಡಿಯ ಹತ್ತಿರ ಓಡಿತ್ತು. ನೀಲಾಂಬಿಕೆಗೆ ಆಗ ಐದು ತುಂಬಿತ್ತು. ಅಜ್ಜಿಯ ಕೈ ಬಿಡಿಸಿಕೊಂಡು ಹೋಗಿ ಕ್ಯಾಮೆರಾದವನ ಪಕ್ಕದಲ್ಲೇ ನಿಂತುಬಿಟ್ಟಿದ್ದಳು. ಅವರ ಜೊತೆಯ ಹೆಂಗಸು ಅವಳಿಗೆ ಪೆಪ್ಪರಮೆಂಟು ಕೊಟ್ಟಿದ್ದಳು. ಇಷ್ಟನ್ನೂ ಅಜ್ಜಿ ನಿಧಾನವಾಗಿ, ಒಂದೊಂದೇ ಕಾಳು ಆರಿಸಿ ಇಡುವಂತೆ ಹೇಳಿದಳು. ಕೊನೆಗೆ ಅಂದಳು:

“ಆಗ ನಿಮ್ಮವ್ವ ಓಗಿ ಎರಡೊರ್ಸ ಆಗಿತ್ತು ಕಣವ್ವ.”

ಮೇಷ್ಟ್ರು ಡಿವಿಡಿಯ ಡಬ್ಬಿಯನ್ನು ತಿರುಗಿಸಿ ನೋಡಿದರು. ಹಿಂಬದಿಯಲ್ಲಿ, ಅರ್ಥವಾಗದ ಮಾತುಗಳ ನಡುವೆ, 1976 ಎಂದು ಅಚ್ಚಾಗಿತ್ತು. ಅವರು ಅದನ್ನು ಓದಿ ಹೇಳಿದರು, ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟರು. ಪರದೆಯ ಮೇಲೆ ಕೈ ಎತ್ತಿಯೇ ಇತ್ತು. ಕೂಸು ತಾಯಿಯ ಹೆಗಲಿಗೆ ಕೆನ್ನೆ ಒತ್ತಿಕೊಂಡಿತ್ತು. ಎರಡು ವರ್ಷದ ಕೂಸು.

ಅಜ್ಜಿ ಎದ್ದಳು. ಎಡೆಯ ಎಲೆ ಹಾಸಿದಳು. ಅದರ ಪಕ್ಕ, ಎಲೆಯ ತುದಿಯನ್ನು ಹರಿದು, ಇನ್ನೊಂದು ಚಿಕ್ಕ ಎಲೆ ಹಾಸಿದಳು. ಅದಕ್ಕೆ ಒಂದು ಕಡುಬು, ಬೆಲ್ಲದ ಪುಡಿ, ಹಾಲು. ಲ್ಯಾಪ್‌ಟಾಪನ್ನು ಮುಚ್ಚಲು ನೀಲಾಂಬಿಕೆ ಕೈ ಚಾಚಿದಾಗ ಬೇಡ ಎಂದು ಸನ್ನೆ ಮಾಡಿದಳು. ದೀಪ ಹಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, ತಾನೂ ಹೊರಬಂದು ಬಾಗಿಲು ಎಳೆದುಕೊಂಡಳು. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು.

ಮೂವರೂ ಜಗಲಿಯ ಮೇಲೆ ಕೂತರು. ನೆತ್ತಿಯ ಬಿಸಿಲು. ಬೀದಿಯಲ್ಲಿ ಯಾರೂ ಇರಲಿಲ್ಲ. ಎಲ್ಲರ ಮನೆಯ ಬಾಗಿಲೂ ಮುಚ್ಚಿತ್ತು, ಎಲ್ಲರ ಮನೆಯೊಳಗೂ ಯಾರೋ ಉಣ್ಣುತ್ತಿದ್ದರು. ಒಂದು ನಾಯಿ ಮಾತ್ರ ಬಂದು, ಇವರ ಬಾಗಿಲನ್ನು ನೋಡಿ, ಬಂದ ದಾರಿಯಲ್ಲೇ ಹೊರಟುಹೋಯಿತು.

ಒಳಗಿನಿಂದ ದಪ್ಪ ದನಿ ಕೇಳಿಸಿತು. ಜರ್ಮನ್ ಮಾತು.

ಬಹಳ ಹೊತ್ತು ನಿಲ್ಲಿಸಿಟ್ಟರೆ ತಾನಾಗಿಯೇ ಮೊದಲಿನಿಂದ ಶುರುವಾಗುತ್ತದೇನೋ ಅಂದರು ಮೇಷ್ಟ್ರು. ಇರಬಹುದು ಅಂದಳು ನೀಲಾಂಬಿಕೆ. ಹಾಗೆ ಆಗುವುದನ್ನು ಅವಳು ಎಂದೂ ನೋಡಿರಲಿಲ್ಲ. ದನಿ ನಿಂತಿತು. ಈಗ ಗಾಳಿಯ ಸದ್ದು. ಈಗ ಗೋಡೆ, ಈಗ ಬಿಸಿಲು, ಈಗ ಕೈ. ಅವಳು ಮನಸ್ಸಿನಲ್ಲೇ ಎಣಿಸಿದಳು. ಇಪ್ಪತ್ತು. ಮೂವತ್ತು. ನಲವತ್ತಕ್ಕೆ ಆ ದನಿ ಮರಳಬೇಕು, ಗೋಪುರದ ಚಿತ್ರ ಬರಬೇಕು. ನಲವತ್ತು ಕಳೆಯಿತು. ಅರವತ್ತು ಕಳೆಯಿತು. ನೂರರವರೆಗೆ ಎಣಿಸಿ ಬಿಟ್ಟಳು. ಬಾಗಿಲ ಹಿಂದೆ ಗಾಳಿ ಬೀಸುತ್ತಲೇ ಇತ್ತು. ಬೀದಿಯಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ.

“ಇನ್ನೂ ಕರೀತಾವ್ಳೆ,” ಅಂದಳು ಅಜ್ಜಿ, ಯಾರಿಗೂ ಅಲ್ಲ ಎಂಬಂತೆ.

ಯಾರನ್ನು ಎಂದು ಕೇಳುವ ಅಗತ್ಯ ಇರಲಿಲ್ಲ. ಕ್ಯಾಮೆರಾದ ಪಕ್ಕ, ಬಾಯಲ್ಲಿ ಪೆಪ್ಪರಮೆಂಟು ಇಟ್ಟುಕೊಂಡು ನಿಂತ ಐದು ವರ್ಷದವಳು ತಾಯಿಯನ್ನು ನೋಡಿದಳೋ ಇಲ್ಲವೋ, ನೀಲಾಂಬಿಕೆಗೆ ನೆನಪಿಲ್ಲ. ನಾಲಿಗೆಯ ಮೇಲೆ ತಣ್ಣಗಿನ ಒಂದು ರುಚಿ ಮಾತ್ರ ನೆನಪಿತ್ತು. ಅವಳು ಎದ್ದಳು. ಬಾಗಿಲು ತಟ್ಟಲು ಹೊರಟಳೆಂದು ತಿಳಿದು ಮೇಷ್ಟ್ರು ತಾವೂ ಎದ್ದರು. ಆದರೆ ಅವಳು ಜಗಲಿ ಇಳಿದಿದ್ದಳು.

“ನೀಲಾ, ಎಲ್ಲಿಗಮ್ಮ ಈ ಬಿಸಿಲಲ್ಲಿ? ಬಾಗಿಲು ತೆಗೆಯೋ ಹೊತ್ತಾಯ್ತು.”

ಅವ್ವ ಕರೆಯುವ ಕಡೆ ಈಗ ಯಾರೂ ನಿಂತಿಲ್ಲವಲ್ಲ ಮೇಷ್ಟ್ರೇ, ಅಂದಳು ಅವಳು, ತಿರುಗಿ ನೋಡದೆ, ಮತ್ತು ಬರಿಗಾಲಲ್ಲೇ ಗುಡಿಯ ಹಿಂಗೋಡೆಯ ಕಡೆಯ ಓಣಿ ಹಿಡಿದು, ಕರೆದದ್ದು ಇದೀಗ ಕಿವಿಗೆ ಬಿದ್ದವಳಂತೆ, ಸ್ವಲ್ಪ ಬೇಗ, ಇನ್ನೂ ಸ್ವಲ್ಪ ಬೇಗ…