ಹೇಸರಗತ್ತೆಯ ಎದುರು ನನ್ನ ಮುಖ

ಲೈಮನ್ ಟಟ್ಲ್ ನಗುವುದನ್ನು ನಾನು ಕಂಡದ್ದು ಒಂದೇ ಸಲ. ಹಾರ್ಟ್‌ಫರ್ಡಿನಲ್ಲಿ ಇಪ್ಪತ್ತು ವರ್ಷ ನಗೆಪುಸ್ತಕಗಳಿಗೆ ಚಿತ್ರ ಬರೆದವನು, ಮುಖ ಮಾತ್ರ ಹೆಣ ಹೂಳಿ ಬಂದವನ ಹಾಗೆ. ಅವನು ಮರದ ಅಚ್ಚಿನ ಮೇಲೆ ಪೆನ್ಸಿಲಿನಲ್ಲಿ ಬರೆದರೆ, ಗೆರೆ ಉಳಿಸಿ ಮಿಕ್ಕಿದ್ದನ್ನು ಕೆತ್ತಿ ತೆಗೆಯುವವರು ನಾವು: ನಾನು, ಸೈಲಸ್, ಇನ್ನಿಬ್ಬರು.

ಎದುರಿಗೆ ಯಾರನ್ನೂ ಕೂರಿಸಿ ಬರೆದವನಲ್ಲ. ಗೋರಿ ತೋಡುವವನ ಮೂಗು, ರೊಟ್ಟಿ ಅಂಗಡಿಯವಳ ಗಲ್ಲ, ಕಂಡದ್ದನ್ನು ಕದಿಯುತ್ತಿದ್ದ. ಪುಸ್ತಕ ಬಂದ ಮೇಲೆ ಆಕೆ ಒಂದು ವಾರ ಅವನಿಗೆ ಸೀದ ರೊಟ್ಟಿಯನ್ನೇ ಕೊಟ್ಟಳು. ಸುಮ್ಮನೆ ತಿಂದ.

೧೮೭೨ರ ಚಳಿಗಾಲದಲ್ಲಿ ಪ್ರಕಾಶಕ ಲೂಮಿಸ್ ನಮ್ಮ ಕೆತ್ತನೆಮನೆಗೆ ಬಂದ. "ನೋಡು ಟಟ್ಲ್, ನಮ್ಮ ಪುಸ್ತಕ ಮನೆಮನೆಗೆ ಹೊತ್ತು ಮಾರೋದು. ಕೊಳ್ಳೋನು ಮೊದಲು ಚಿತ್ರ ನೋಡ್ತಾನೆ. ಹೋದ ಸಲ ಒಬ್ಬನೂ ನಗಲಿಲ್ಲ. ಈ ಸಲದ ಮೊದಲ ಚಿತ್ರಕ್ಕೆ ಈ ಕೋಣೆ ನಗದಿದ್ರೆ ಬೇರೆಯವನನ್ನ ನೋಡ್ಕೋತೀನಿ."

"ಆಗಲಿ" ಅಂದ ಟಟ್ಲ್.

ಸೇತುವೆ ನಡುವೆ ಕೂತುಬಿಟ್ಟ ಹೇಸರಗತ್ತೆ, ಅದನ್ನು ಬೈಯುವ ಚರ್ಚಿನ ಹಿರಿಯ, ಚಿತ್ರ ಇಷ್ಟೇ. ದೊಡ್ಡ ಚಿತ್ರಕ್ಕೆ ನಾಲ್ಕು ತುಂಡು ಮರ ಬಿಗಿದ ಅಚ್ಚು. ಟಟ್ಲ್ ಮನೆಯಲ್ಲೇ ಬರೆದು ತಂದ. ಬೇಗ ಮುಗಿಯಲಿ ಅಂತ, ನಾನು ನೋಡುವ ಮೊದಲೇ, ಸೈಲಸ್ ತಿರುಪು ಬಿಚ್ಚಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಹಂಚಿದ. ನನಗೆ ಬಂದದ್ದು ಹೇಸರಗತ್ತೆಯ ಹಿಂಭಾಗ.

"ಇಷ್ಟು ವರ್ಷ ಕೆತ್ತಿದವನಿಗೆ ಕತ್ತೆ ಅಂಡೇನೋ?" ಅಂತ ಹಾರಾಡಿದೆ.

"ಬಾಲ ಕಷ್ಟ ಕಣಪ್ಪ, ನಿನ್ನ ಕೈನೇ ಬೇಕು" ಅಂದ ಸೈಲಸ್, ತನ್ನ ತುಂಡನ್ನು ಅಂಗೈಯಲ್ಲಿ ಮುಚ್ಚಿಕೊಂಡು. ಮೂರು ದಿನ ಮೂವರೂ ಕೆಮ್ಮಿದರು. ಶೀತ ಅಂದುಕೊಂಡೆ.

ತುಂಡು ಜೋಡಿಸಿ ಮೊದಲ ಪ್ರತಿ ತೆಗೆದಾಗ ಲೂಮಿಸ್ ಎದುರಿಗೇ ಇದ್ದ. ಹಿರಿಯನ ಉಬ್ಬಿದ ಕುತ್ತಿಗೆ ನರ, ಎತ್ತಿದ ಬೆರಳು, ಕೆದರಿದ ಹುಬ್ಬು... ನಾನೇ. ನಾನು ಕೆತ್ತಿದ ಅಂಡಿನ ಮೇಲೆ ಹೇಸರಗತ್ತೆ ತಣ್ಣಗೆ ಕೂತಿತ್ತು.

ಯಾರೂ ನಗಲಿಲ್ಲ. ಉಳಿ ನನ್ನ ಕೈಯಲ್ಲಿತ್ತು, ನನ್ನ ಸಿಟ್ಟು ಎಲ್ಲರಿಗೂ ಗೊತ್ತಿತ್ತು. ಅಚ್ಚಿನ ಮೇಲೆ ಒಂದು ಗೀರು ಎಳೆದರೆ ಆ ಮುಖ ಹೋದಂತೆಯೇ.

"ಕೋಣೆ ನಗಲಿಲ್ವಲ್ಲ ಟಟ್ಲ್" ಅಂದ ಲೂಮಿಸ್. ಟಟ್ಲ್ ತನ್ನ ಟೋಪಿಗೆ ಕೈ ಹಾಕಿದ.

ಅದನ್ನು ಕಂಡು ನನಗೆ ಪಿತ್ತ ನೆತ್ತಿಗೇರಿತು. ಉಳಿ ಬಿಸಾಡಿ ಬೆರಳೆತ್ತಿದೆ. "ಎಲ್ಲಿಗಯ್ಯಾ ಹೊರಟೆ? ನನ್ನ ಮುಖ ಕದ್ದು, ನನ್ನ ಕೈಲೇ ಕತ್ತೆ ಅಂಡು ಕೆತ್ತಿಸಿ, ಈಗ ಟೋಪಿ ಹಾಕ್ಕೊಂಡು ಹೋಗ್ತೀಯಾ?"

ಲೂಮಿಸ್ ನನ್ನನ್ನು ನೋಡಿದ, ಚಿತ್ರ ನೋಡಿದ, ಮತ್ತೆ ನನ್ನ ಬೆರಳು ನೋಡಿದ. ಆಮೇಲೆ ಮೇಜು ಹಿಡಿದುಕೊಂಡು ನಗುತ್ತಾ ಕುಸಿದ. ಸೈಲಸ್‌ನ ಮೂರು ದಿನದ ಕೆಮ್ಮು ನಗುವಾಗಿ ಒಟ್ಟಿಗೇ ಹೊರಬಿತ್ತು. ಬೈಯುತ್ತಲೇ ನಾನೂ ನಕ್ಕುಬಿಟ್ಟೆ. ಟಟ್ಲ್ ನಕ್ಕಿದ್ದು ಆಗ, ಟೋಪಿಯಲ್ಲಿ ಮುಖ ಮುಚ್ಚಿಕೊಂಡು.

ಆಮೇಲೆ ಅವನು ಇನ್ನೂ ಎಂಟು ಪುಸ್ತಕಕ್ಕೆ ಬರೆದ. ಸಿಟ್ಟಿನವನು ಬಂದಲ್ಲೆಲ್ಲ ಮುಖ ನನ್ನದೇ. ಆ ಮುಖದ ತುಂಡನ್ನು ಕೆತ್ತಲು ನಾನು ಬೇರೆ ಯಾರ ಕೈಗೂ ಬಿಡಲಿಲ್ಲ. ಅವರಿಗೆ ಕುತ್ತಿಗೆ ನರ ಸರಿಯಾಗಿ ಬರುತ್ತಿರಲಿಲ್ಲ.